ಹನ್ನೊಂದನೆಯ ಚೀಲ

ಟಿಳಕವಾಡಿಯ ಮನೆಯ ಕಪಾಟಿನಲ್ಲಿ
ಹನ್ನೊಂದು ಚೀಲಗಳು ಮಲಗಿವೆ.
ಒಂದೊಂದಕ್ಕೂ ಅರಿವೆಯ ಹೊದಿಕೆ,
ಆಕಾರ ಕೆಡದಂತೆ ಹೊಟ್ಟೆಯೊಳಗೆ ಕಾಗದದ ಉಂಡೆ,
ಮಳೆಗಾಲಕ್ಕೆ ಬೂಸು ಹಿಡಿಯದಂತೆ
ಗುಳಿಗೆ ಡಬ್ಬಿಗಳಿಂದ ಕೂಡಿಟ್ಟ ಸಿಲಿಕಾ ಪುಡಿಕೆ.

ಹಲ್ಲಿನ ಡಾಕ್ಟರು ನಾನು.
ಒಸಡಿಗೆ ಹೊಲಿಗೆ ಹಾಕುವ ಕೈ,
ಅದಕ್ಕೇ ಇರಬೇಕು ಈ ಹುಚ್ಚು:
ಭೂತಗನ್ನಡಿ ಹಿಡಿದು ಅಂಚು ಎಣಿಸುತ್ತೇನೆ,
ಇಂಚಿಗೆ ಎಂಟೋ, ಒಂಬತ್ತೋ.
ನೋಟ್‌ಬುಕ್ಕಿನಲ್ಲಿ ಕೊಂಡ ದಿನ, ಬಣ್ಣ, ಗೀರು, ಕಲೆ;
ಬೆಲೆ ಮಾತ್ರ ಪೆನ್ಸಿಲಿನಲ್ಲಿ,
ಮನೆಯವರು ಕೇಳಿದರೆ ಒಂದು ಸೊನ್ನೆ ಅಳಿಸಲು.

ಹನ್ನೊಂದನೆಯದು ಪ್ಯಾರಿಸಿನದು,
ನನಗಿಂತ ಎರಡು ವರ್ಷ ಹಿರಿಯದು.
ಮುಂಬಯಿಯ ಪಾರ್ಸಿ ಮುದುಕಿಯೊಬ್ಬರಿಂದ
ಮೂವರು ದಲ್ಲಾಳಿಗಳ ಕೈ ದಾಟಿ ಬಂದದ್ದು.
ಬಂದ ತಿಂಗಳಿಗೇ ಹಿಡಿಕೆಯ ಬುಡದಲ್ಲಿ
ನಾಲ್ಕು ಹೊಲಿಗೆ ಬಾಯಿಬಿಟ್ಟವು.
ಕಂಪನಿಗೆ ಬರೆದೆ. ಆರು ತಿಂಗಳು ಎಂದರು.
ಹೊರಗಿನವರ ಕೈ ಬಿದ್ದರೆ ಬೆಲೆಯೂ ಬಿತ್ತು ಎಂದರು.

ಅಥಣಿಯ ಬಸ್ಸು ಹತ್ತಿದೆ.

ಲಗಮವ್ವ ಕಟ್ಟೆಯ ಮೇಲೆ ಕೂತು
ಚಪ್ಪಲಿಗೆ ವೇಣಿ ಹೆಣೆಯುತ್ತಿದ್ದಳು,
ಕಾಲ್ಬೆರಳಿಗೆ ತೊಗಲಿನ ಎಳೆ ಸಿಕ್ಕಿಸಿ.
ಚೀಲವನ್ನು ನೋಡಲಿಲ್ಲ, ಮೊದಲು ಮೂಸಿದಳು.
ಕಿವಿಯ ಹತ್ತಿರ ಹಿಡಿದು ಮಡಚಿದಳು.
ತೊಗಲು ಏನೋ ಅಂದಿತು; ಅವಳು ಹೂಂಗುಟ್ಟಿದಳು.

"ಕರುವಿನ ತೊಗಲ. ಬೆನ್ನಿಂದು, ಹೊಟ್ಟಿದಲ್ಲ.
ಎರಡು ಸೂಜಿ, ಒಂದ ದಾರ. ಮಿಶನ್ ಮುಟ್ಟಿಲ್ಲ.
ಒಂದು ಹರದ್ರ ಮಗ್ಗಲಿಂದು ಹಿಡಕೊಂಡಿರತೈತಿ,
ಅದಕ್ಕ ನಾಲ್ಕ ಹೋದ್ರೂ ಹಿಡಿಕಿ ಬಿದ್ದಿಲ್ಲ.
ಹೊಲದಾಂವ ಎಡಚ."

ಎಡಚ?
ಮುನ್ನೂರು ಸಲ ಎಣಿಸಿದ್ದೆ, ಅದು ಕಂಡಿರಲಿಲ್ಲ.
ಅವಳ ಉಗುರು ತೋರಿಸಿತು: ಪ್ರತಿ ಹೊಲಿಗೆಯೂ
ಗಾಳಿಗೆ ಜೋಳ ವಾಲಿದಂತೆ, ಆದರೆ ಉಲ್ಟಾ.
"ಈ ಮೂಲ್ಯಾಗ ಅಂವ ಎದ್ದು ಹೋಗ್ಯಾನ.
ಚಾ ಕುಡ್ಯಾಕೋ, ಯಾರರ ಕರದ್ರೋ.
ಬಂದ ಮ್ಯಾಲ ಕೈ ಬ್ಯಾರೆ ಬಿಗಿ."

ದಾರಕ್ಕೆ ಮೇಣ ತಿಕ್ಕುತ್ತ ಹೇಳಿದಳು:
ಅವಳ ಮಾವನ ಕಾಲಕ್ಕೆ ಹಸಿ ತೊಗಲನ್ನೇ ಚೀಲದಂತೆ ಹೊಲಿದು,
ಜಾಲಿ ತೊಗಟೆ, ಅಣಲೆಕಾಯಿಯ ನೀರು ತುಂಬಿ
ತೊಲೆಗೆ ತೂಗಬಿಡುತ್ತಿದ್ದರಂತೆ,
ಇಡೀ ರಾತ್ರಿ ಕೆಂಪು ಹನಿಯ ತಟತಟ.
"ಅದೂ ಚೀಲನ. ಯಾರೂ ಹೆಗಲಿಗೆ ಹಾಕ್ಕೊಳ್ಳಿಲ್ಲ, ಅಷ್ಟ."

"ಇದ್ರಾಗ ಏನ ಇಡ್ತೀರಿ?"
ಕಾಗದ, ಎಂದೆ.
"ಹೊಲಮನೀದು?"
ಅಲ್ಲ. ಸುಮ್ಮನೆ ಕಾಗದ.
ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸೊಂಟದಿಂದ ಎಲಿಸಂಚಿ ತೆಗೆದಳು.
ಹಳೆಯ ಖಣದ ಚೂರುಗಳು, ಏಳು ಖಾನೆ,
ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ, ಚಿಲ್ಲರೆಗೆ,
ಒಂದರಲ್ಲಿ ಮೊಮ್ಮಗಳ ಬಿದ್ದ ಹಾಲುಹಲ್ಲು.
ಎರಡು ದಾರ ಎಳೆದರೆ ಏಳೂ ಬಾಯಿ ಒಟ್ಟಿಗೆ ಮುಚ್ಚುತ್ತವೆ.
ಇಂಥ ಜೋಡಣೆ ನನ್ನ ಹನ್ನೊಂದರಲ್ಲಿ ಯಾವುದಕ್ಕೂ ಇಲ್ಲ.
ಹನ್ನೆರಡನೆಯದು, ಎಂದಿತು ಆಸೆಬುರುಕ ಮನಸ್ಸು.
ಎಷ್ಟಕ್ಕೆ ಕೊಡ್ತಿ?
"ಅಯ್ಯ, ಬಳಸಾಕತ್ತೀನಲ್ರೀ."

ಎಲೆಗೆ ಸುಣ್ಣ ಬಳಿದ ಬೆರಳನ್ನೇ
ಚೀಲದೊಳಗೆ ಹಾಕಿ ಸೂಜಿಯ ಮೊನೆ ಹುಡುಕಿದಳು.
ನನ್ನ ಜೀವ ಹಲ್ಲಿಗೆ ಬಂತು.
ನಾಲ್ಕು ಹೊಲಿಗೆ, ಹಳೆಯ ತೂತುಗಳಲ್ಲೇ,
ಬಲಗೈಯವಳು ಎಡಗೈಯಿಂದ,
ಕಾಣದ ಅವನ ವಾಲು ಕೆಡಬಾರದೆಂದು.
"ದಾರಕ್ಕ ಇಪ್ಪತ್ತ. ಕಣ್ಣಿಗೆ ಎಂಬತ್ತ."

ಚಿಕ್ಕೋಡಿ ದಾಟುವಾಗ ಕತ್ತಲಾಯಿತು.
ತೊಡೆಯ ಮೇಲಿನ ಚೀಲಕ್ಕೆ ಕಾಚಿನ ವಾಸನೆ.

ರಾತ್ರಿ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆದೆ:
ದುರಸ್ತಿ, ಅಥಣಿ. ನೂರು ರೂಪಾಯಿ.
ನಾಲ್ಕು ಹೊಲಿಗೆ. ಯಾವ ನಾಲ್ಕೆಂದು ಗುರುತು ಸಿಗುತ್ತಿಲ್ಲ.
ಒಳಭಾಗ, ಅಸ್ತರಿನ ಮೇಲೆ: ಸುಣ್ಣದ ಬೆರಳಚ್ಚು, ಒಂದು.
ಒರೆಸಿಲ್ಲ.